ಬೋರ್ಗ್ ಭಂಡಾರದಿಂದ ಹಳೆಯ ಬ್ಯಾಕಪ್‌ಗಳನ್ನು ತೆಗೆಯುವ ಕ್ರಮ

ಬೋರ್ಗ್ ಬಳಸಿ ಬ್ಯಾಕಪ್ ಇಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಡಿಸ್ಕ್ ತುಂಬುತ್ತ ಬಂದಾಗ ಯಾವ ಬ್ಯಾಕಪ್‌ಗಳನ್ನು ಅಳಿಸಬಹುದು ಎಂಬುದು ಮೊದಲನೆಯದು. ಅಳಿಸಿದ ಮೇಲೂ ಜಾಗ ಏಕೆ ಬಿಡುವಾಗಲಿಲ್ಲ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಸಿಗುವಂತೆ, ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಇಡೀ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಅಳಿಸಿದ ಬ್ಯಾಕಪ್ಪನ್ನು ಮರಳಿ ಪಡೆಯಲು ಸಾಮಾನ್ಯವಾಗಿ ದಾರಿಯೇ ಇರುವುದಿಲ್ಲ. ಆದ್ದರಿಂದ ಒಮ್ಮೆ ಪೂರ್ತಿ ಓದಿ, ಆಮೇಲೆ ಟರ್ಮಿನಲ್ ತೆರೆಯಿರಿ.

ಕಮಾಂಡ್‌ಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಪದಗಳನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ ಬರೆಯಬೇಕು. ಬೋರ್ಗ್ ಎಂದರೆ ಬಿ, ಓ, ಆರ್, ಜಿ ಎಂಬ ನಾಲ್ಕು ಅಕ್ಷರಗಳು. ಆಯ್ಕೆಗಳ ಮುಂದಿರುವ ಎರಡು ಅಡ್ಡಗೆರೆಗಳು, ನಡುವಿನ ಅಡ್ಡಗೆರೆಗಳು, ಉದ್ಧರಣ ಚಿಹ್ನೆಗಳು, ಭಂಡಾರದ ಹೆಸರಿನ ನಂತರ ಬರುವ ಎರಡು ಜೋಡಿ ಚುಕ್ಕೆಗಳು, ಇವೆಲ್ಲವೂ ಇಲ್ಲಿ ಇದ್ದಂತೆಯೇ ಬರಬೇಕು. ಉದಾಹರಣೆಗೆಂದು ಒಂದು ಸಣ್ಣ ಕಚೇರಿಯ ಲೆಕ್ಕಪತ್ರಗಳ ಬ್ಯಾಕಪ್ ತೆಗೆದುಕೊಂಡಿದ್ದೇನೆ. ಭಂಡಾರವಿರುವ ಜಾಗ /ಬ್ಯಾಕಪ್/ಕಚೇರಿ. ಪ್ರತಿ ರಾತ್ರಿಯ ಬ್ಯಾಕಪ್‌ನ ಹೆಸರು ಲೆಕ್ಕ-2025-06-20 ಎಂಬ ಮಾದರಿಯದು.

ಮೊದಲು ತಿಳಿದಿರಬೇಕಾದ ಮೂರು ಪದಗಳು

ಬೋರ್ಗ್ ಎನ್ನುವುದು 2015ರಲ್ಲಿ ಆಟಿಕ್ ಎಂಬ ತಂತ್ರಾಂಶದಿಂದ ಕವಲೊಡೆದು ಬೆಳೆದ, ಮುಕ್ತ ಆಕರದ ಬ್ಯಾಕಪ್ ಸಾಧನ. ಅದು ಬ್ಯಾಕಪ್‌ಗಳನ್ನೆಲ್ಲ ಇಡುವ ಫೋಲ್ಡರನ್ನು ರೆಪಾಸಿಟರಿ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಭಂಡಾರ ಎಂದು ಕರೆದಿದ್ದೇನೆ. ಭಂಡಾರದೊಳಗಿನ ಒಂದೊಂದು ದಿನದ ಬ್ಯಾಕಪ್‌ಗೆ ಆರ್ಕೈವ್ ಎಂದು ಹೆಸರು. ಬೋರ್ಗ್ ಪ್ರತಿ ಕಡತವನ್ನೂ ತುಣುಕುಗಳಾಗಿ ಕತ್ತರಿಸಿ, ಒಂದೇ ಬಗೆಯ ತುಣುಕನ್ನು ಒಮ್ಮೆ ಮಾತ್ರ ಸಂಗ್ರಹಿಸುತ್ತದೆ. ಈ ತುಣುಕೇ ಚಂಕ್.

ಜಾಗದ ಲೆಕ್ಕವೆಲ್ಲ ನಿಂತಿರುವುದು ಈ ಚಂಕ್‌ಗಳ ಮೇಲೆ. 20 ಜಿಬಿ ಫೋಲ್ಡರಿನ 100 ಆರ್ಕೈವ್‌ಗಳಿದ್ದರೂ ಡಿಸ್ಕ್‌ನಲ್ಲಿ 2000 ಜಿಬಿ ಬಳಕೆಯಾಗುವುದಿಲ್ಲ, ಏಕೆಂದರೆ ಬದಲಾಗದ ತುಣುಕುಗಳನ್ನು ನೂರು ಆರ್ಕೈವ್‌ಗಳೂ ಹಂಚಿಕೊಂಡಿರುತ್ತವೆ. ಹಾಗಾಗಿ ಒಂದು ಆರ್ಕೈವನ್ನು ಅಳಿಸಿದರೆ 20 ಜಿಬಿ ಬಿಡುವಾಗುತ್ತದೆ ಎಂದು ನಿರೀಕ್ಷಿಸಬೇಡಿ. ಬೇರೆ ಯಾವ ಆರ್ಕೈವಿಗೂ ಬೇಡವಾದ ತುಣುಕುಗಳಷ್ಟೇ ಹೋಗುತ್ತವೆ.

ಹಂತ 1: ಆವೃತ್ತಿಯನ್ನು ನೋಡಿಕೊಳ್ಳಿ

ಬೋರ್ಗ್ --ವರ್ಷನ್

ಈ ಲೇಖನ 1.2 ಮತ್ತು 1.4 ಆವೃತ್ತಿಗಳಿಗೆ ಅನ್ವಯಿಸುತ್ತದೆ. 1.1ರವರೆಗೆ ಆರ್ಕೈವ್ ಅಳಿಸಿದ ಕೂಡಲೇ ಬೋರ್ಗ್ ತಾನಾಗಿಯೇ ಜಾಗವನ್ನೂ ಬಿಡುಗಡೆ ಮಾಡುತ್ತಿತ್ತು. 2022ರಲ್ಲಿ ಬಂದ 1.2ರಿಂದ ಈ ಎರಡು ಕೆಲಸಗಳು ಬೇರೆಬೇರೆಯಾಗಿವೆ: ಅಳಿಸಲು ಒಂದು ಕಮಾಂಡ್, ಜಾಗ ಬಿಡಿಸಲು ಕಾಂಪ್ಯಾಕ್ಟ್ ಎಂಬ ಇನ್ನೊಂದು ಕಮಾಂಡ್. ಹಳೆಯ ಆವೃತ್ತಿಯಲ್ಲಿ ಬರೆದಿಟ್ಟ ಸ್ಕ್ರಿಪ್ಟನ್ನು ಹೊಸ ಕಂಪ್ಯೂಟರಿಗೆ ಹಾಗೆಯೇ ತಂದುಕೊಂಡವರಿಗೆ ಡಿಸ್ಕ್ ತುಂಬುತ್ತಲೇ ಹೋಗುವುದು ಇದರಿಂದಲೇ. ಬೋರ್ಗ್ 2ರಲ್ಲಿ ಕಮಾಂಡ್‌ಗಳ ರೂಪವೇ ಬದಲಾಗಿದೆ. ಅದನ್ನು ಬಳಸುವವರು ಇಲ್ಲಿನ ಸಾಲುಗಳನ್ನು ನಕಲು ಮಾಡಬಾರದು.

ಹಂತ 2: ಭಂಡಾರದಲ್ಲಿ ಏನಿದೆ ಎಂದು ಪಟ್ಟಿ ಮಾಡಿ

ಬೋರ್ಗ್ ಲಿಸ್ಟ್ /ಬ್ಯಾಕಪ್/ಕಚೇರಿ

ಪಾಸ್‌ಫ್ರೇಸ್ ಕೇಳಿದರೆ ಕೊಡಿ. ಎಲ್ಲ ಆರ್ಕೈವ್‌ಗಳ ಹೆಸರು, ದಿನಾಂಕ ಮತ್ತು ಸಮಯ ಸಾಲಾಗಿ ಕಾಣುತ್ತವೆ. ಈ ಪಟ್ಟಿಯನ್ನು ಒಂದು ಕಡತದಲ್ಲಿ ಉಳಿಸಿಕೊಂಡರೆ ಮುಂದೆ ಹೋಲಿಸಿ ನೋಡಲು ಅನುಕೂಲ. ಹೆಸರುಗಳನ್ನು ಗಮನವಿಟ್ಟು ಓದಿ. ಲೆಕ್ಕ- ಎಂದು ಶುರುವಾಗುವುವು ಮಾತ್ರ ಇವೆಯೇ, ಅಥವಾ ಇನ್ನೊಂದು ಕಂಪ್ಯೂಟರಿನ ಫೋಟೋ- ಎಂಬ ಸರಣಿಯೂ ಇದೇ ಭಂಡಾರದಲ್ಲಿ ಸೇರಿಕೊಂಡಿದೆಯೇ ಎಂಬುದು ಮುಂದಿನ ಹಂತಗಳಲ್ಲಿ ಬಹಳ ಮುಖ್ಯವಾಗುತ್ತದೆ.

ಒಂದು ಆರ್ಕೈವಿನ ಗಾತ್ರವನ್ನು ತಿಳಿಯಲು ಹೀಗೆ ಬರೆಯಿರಿ:

ಬೋರ್ಗ್ ಇನ್ಫೋ /ಬ್ಯಾಕಪ್/ಕಚೇರಿ::ಲೆಕ್ಕ-2025-01-15

ಇಲ್ಲಿ ಮೂರು ಗಾತ್ರಗಳು ಕಾಣುತ್ತವೆ: ಮೂಲ ಗಾತ್ರ, ಸಂಕುಚಿತ ಗಾತ್ರ, ಮತ್ತು ಡಿಡುಪ್ಲಿಕೇಟೆಡ್ ಗಾತ್ರ. ಮೂರನೆಯದು ಈ ಆರ್ಕೈವಿನಲ್ಲಿ ಮಾತ್ರ ಇರುವ ತುಣುಕುಗಳ ಗಾತ್ರ. ಇದೊಂದನ್ನೇ ಅಳಿಸಿದರೆ ಹೆಚ್ಚುಕಡಿಮೆ ಅಷ್ಟು ಜಾಗ ಸಿಗುತ್ತದೆ. ಆದರೆ ಹತ್ತು ಆರ್ಕೈವ್‌ಗಳ ಈ ಸಂಖ್ಯೆಗಳನ್ನು ಕೂಡಿಸಿದರೆ ಉತ್ತರ ಸರಿಯಾಗಿ ಬರುವುದಿಲ್ಲ. ಜನವರಿ 15 ಮತ್ತು 16ರ ಆರ್ಕೈವ್‌ಗಳಲ್ಲಿ ಮಾತ್ರ ಇದ್ದು ಆಮೇಲೆ ನೀವು ಅಳಿಸಿಬಿಟ್ಟ 4 ಜಿಬಿ ವಿಡಿಯೋ ಒಂದಿದೆ ಎನ್ನೋಣ. ಅದನ್ನು ಎರಡೂ ಹಂಚಿಕೊಂಡಿರುವುದರಿಂದ ಯಾವುದರ ಲೆಕ್ಕದಲ್ಲೂ ಅದು ಸೇರುವುದಿಲ್ಲ. ಎರಡನ್ನೂ ಅಳಿಸಿದಾಗಲೇ ಆ 4 ಜಿಬಿ ಬಿಡುಗಡೆಯಾಗುತ್ತದೆ.

ಹಂತ 3: ಯಾವುದು ಉಳಿಯಬೇಕು ಎಂದು ತೀರ್ಮಾನಿಸಿ

ಬೋರ್ಗ್‌ನ ಪ್ರೂನ್ ಕಮಾಂಡಿಗೆ ಯಾವುದನ್ನು ಅಳಿಸಬೇಕು ಎಂದು ಹೇಳುವುದಿಲ್ಲ, ಯಾವುದನ್ನು ಉಳಿಸಬೇಕು ಎಂದು ಹೇಳುತ್ತೇವೆ, ಉಳಿದದ್ದೆಲ್ಲ ಹೋಗುತ್ತದೆ. ಆದ್ದರಿಂದ ಕಮಾಂಡ್ ಬರೆಯುವ ಮೊದಲು ಒಂದು ಹಾಳೆಯಲ್ಲಿ ನಿಯಮವನ್ನು ಬರೆದುಕೊಳ್ಳಿ. ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಮಾನ್ಯವಾಗಿ ಬಳಸುವ ನಿಯಮವೊಂದನ್ನು ನೋಡೋಣ: ದಿನದ ಲೆಕ್ಕದಲ್ಲಿ 7, ವಾರದ ಲೆಕ್ಕದಲ್ಲಿ 4, ತಿಂಗಳ ಲೆಕ್ಕದಲ್ಲಿ 6. 2025ರ ಜನವರಿ 1ರಿಂದ ಜೂನ್ 20ರವರೆಗೆ ಒಂದು ರಾತ್ರಿಯೂ ತಪ್ಪದೆ ಬ್ಯಾಕಪ್ ಆಗಿದ್ದರೆ ಭಂಡಾರದಲ್ಲಿ 171 ಆರ್ಕೈವ್‌ಗಳಿರುತ್ತವೆ. ದಿನದ ನಿಯಮದಂತೆ ಜೂನ್ 20ರಿಂದ ಹಿಂದಕ್ಕೆ ಜೂನ್ 14ರವರೆಗಿನ ಏಳು ಉಳಿಯುತ್ತವೆ. ಬೋರ್ಗ್‌ಗೆ ವಾರವೆಂದರೆ ಸೋಮವಾರದಿಂದ ಭಾನುವಾರ. ಪ್ರತಿ ವಾರದ ಕೊನೆಯ ಆರ್ಕೈವನ್ನು ಅದು ಆರಿಸುತ್ತದೆ. ದಿನದ ನಿಯಮದಲ್ಲಿ ಈಗಾಗಲೇ ಉಳಿದದ್ದನ್ನು ವಾರದ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಜೂನ್ 8, ಜೂನ್ 1, ಮೇ 25 ಮತ್ತು ಮೇ 18 ಎಂಬ ನಾಲ್ಕು ಭಾನುವಾರಗಳು ಉಳಿಯುತ್ತವೆ. ತಿಂಗಳ ನಿಯಮದಲ್ಲಿ ಮೇ 31, ಏಪ್ರಿಲ್ 30, ಮಾರ್ಚ್ 31, ಫೆಬ್ರವರಿ 28, ಜನವರಿ 31 ಉಳಿಯುತ್ತವೆ. ಆರನೆಯದಕ್ಕೆ ಹಿಂದೆ ತಿಂಗಳೇ ಇಲ್ಲವಾದ್ದರಿಂದ ಎಲ್ಲಕ್ಕಿಂತ ಹಳೆಯದಾದ ಜನವರಿ 1ರ ಆರ್ಕೈವನ್ನು ಬೋರ್ಗ್ ಉಳಿಸಿಕೊಳ್ಳುತ್ತದೆ. ಒಟ್ಟು 17 ಉಳಿದು 154 ಹೋಗುತ್ತವೆ.

ಕಂಪ್ಯೂಟರನ್ನು ದಿನವೂ ಚಾಲೂ ಮಾಡದವರು ಇನ್ನೊಂದು ಅಂಶವನ್ನು ಗಮನಿಸಬೇಕು. ದಿನದ ಲೆಕ್ಕದ 7 ಎಂದರೆ ಕಳೆದ ಏಳು ದಿನಗಳಲ್ಲ, ಬ್ಯಾಕಪ್ ನಡೆದ ಏಳು ದಿನಗಳು. ಬ್ಯಾಕಪ್ ಇಲ್ಲದ ದಿನಗಳು ಎಣಿಕೆಗೆ ಬರುವುದಿಲ್ಲ. ಕ್ಯಾಲೆಂಡರಿನ ಲೆಕ್ಕದಲ್ಲಿಯೇ ಉಳಿಸಬೇಕಿದ್ದರೆ --ಕೀಪ್-ವಿದಿನ್ ಎಂಬ ಬೇರೆ ಆಯ್ಕೆಯಿದೆ.

ನಮ್ಮಲ್ಲಿ ಲೆಕ್ಕಪತ್ರ ಇಡುವವರು ಎಡವುವ ಜಾಗವೊಂದಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವರ್ಷದ ಲೆಕ್ಕದಲ್ಲಿ ಉಳಿಸುವ --ಕೀಪ್-ಇಯರ್ಲಿ ಎಂಬ ಆಯ್ಕೆ ಕ್ಯಾಲೆಂಡರ್ ವರ್ಷವನ್ನು ಅನುಸರಿಸುತ್ತದೆ. ಅದು ಆರಿಸುವುದು ಡಿಸೆಂಬರ್ 31ರ ಆರ್ಕೈವನ್ನು. ನಮ್ಮ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಆ ದಿನದ ಆರ್ಕೈವ್ ತಿಂಗಳ ಲೆಕ್ಕದಲ್ಲಿ ಕೆಲವು ತಿಂಗಳು ಉಳಿದು, ಆಮೇಲೆ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಒಂದು ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಇಟ್ಟುಕೊಳ್ಳಬೇಕು. 2023-24ರ ರಿಟರ್ನಿನ ಕೊನೆಯ ದಿನ 2024ರ ಡಿಸೆಂಬರ್ 31 ಆಗಿತ್ತು. ಅಂದರೆ ಆ ವರ್ಷದ ಲೆಕ್ಕ 2030ರ ಡಿಸೆಂಬರ್ ಅಂತ್ಯದವರೆಗೆ ಇರಬೇಕು. ಹಾಗಾಗಿ ವರ್ಷಾಂತ್ಯದ ಆರ್ಕೈವಿಗೆ ಪ್ರೂನ್‌ನ ಕೈಗೆ ಸಿಗದಂಥ ಬೇರೆ ಹೆಸರನ್ನು ಮೊದಲೇ ಕೊಟ್ಟುಬಿಡಿ:

ಬೋರ್ಗ್ ರಿನೇಮ್ /ಬ್ಯಾಕಪ್/ಕಚೇರಿ::ಲೆಕ್ಕ-2025-03-31 ವರ್ಷಾಂತ್ಯ-2025

ಮುಂದಿನ ಹಂತದಲ್ಲಿ ಲೆಕ್ಕ- ಎಂದು ಶುರುವಾಗುವ ಹೆಸರುಗಳನ್ನಷ್ಟೇ ಪ್ರೂನ್‌ಗೆ ಒಪ್ಪಿಸುವುದರಿಂದ ವರ್ಷಾಂತ್ಯ-2025 ಸುರಕ್ಷಿತವಾಗಿರುತ್ತದೆ. ಮದುವೆಯ ಫೋಟೋಗಳು, ಮುಗಿದ ಯೋಜನೆಯ ಕಡತಗಳು ಮುಂತಾದ, ಎಂದಿಗೂ ಹೋಗಬಾರದ ಯಾವುದಕ್ಕೂ ಇದೇ ಉಪಾಯ ಅನ್ವಯಿಸುತ್ತದೆ.

ಹಂತ 4: ಅಳಿಸದೆ, ಪರೀಕ್ಷೆಗೆ ಮಾತ್ರ ನಡೆಸಿ ನೋಡಿ

ಬೋರ್ಗ್ ಪ್ರೂನ್ --ಡ್ರೈ-ರನ್ --ಲಿಸ್ಟ್ --ಗ್ಲಾಬ್-ಆರ್ಕೈವ್ಸ್ 'ಲೆಕ್ಕ-*' --ಕೀಪ್-ಡೈಲಿ=7 --ಕೀಪ್-ವೀಕ್ಲಿ=4 --ಕೀಪ್-ಮಂತ್ಲಿ=6 /ಬ್ಯಾಕಪ್/ಕಚೇರಿ

ಡ್ರೈ-ರನ್ ಎಂದರೆ ತಾಲೀಮು. ಏನು ನಡೆಯಲಿದೆ ಎಂದು ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಜೊತೆಗೆ --ಲಿಸ್ಟ್ ಇರಲೇಬೇಕು. ಅದಿಲ್ಲದಿದ್ದರೆ ಪರದೆಯ ಮೇಲೆ ಪಟ್ಟಿ ಬರುವುದಿಲ್ಲ, ಏನೂ ಅಳಿಯುವುದಿಲ್ಲವೆಂದು ನೀವು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ.

ಪಟ್ಟಿಯ ಪ್ರತಿ ಸಾಲೂ ಎರಡರಲ್ಲಿ ಒಂದು ರೀತಿ ಶುರುವಾಗುತ್ತದೆ. "ಕೀಪಿಂಗ್ ಆರ್ಕೈವ್" ಎಂದಿದ್ದರೆ ಉಳಿಯುತ್ತದೆ. ಯಾವ ನಿಯಮದಿಂದ, ಆ ನಿಯಮದಲ್ಲಿ ಎಷ್ಟನೆಯದು ಎಂಬುದೂ ಪಕ್ಕದ ಕಂಸದಲ್ಲಿರುತ್ತದೆ. "ವುಡ್ ಪ್ರೂನ್" ಎಂದಿದ್ದರೆ ನಿಜವಾದ ಓಟದಲ್ಲಿ ಅದು ಹೋಗುತ್ತದೆ. ಉಳಿಯುವ ಸಾಲುಗಳನ್ನು ಎಣಿಸಿ, ನೀವು ಹಾಳೆಯಲ್ಲಿ ಬರೆದುಕೊಂಡ ನಿಯಮದೊಂದಿಗೆ ತಾಳೆ ನೋಡಿ. ವರ್ಷಾಂತ್ಯ-2025 ಈ ಪಟ್ಟಿಯಲ್ಲಿ ಎಲ್ಲಿಯೂ ಕಾಣಬಾರದು. ಕಂಡರೆ ಅಲ್ಲಿಯೇ ನಿಲ್ಲಿಸಿ, ಕಮಾಂಡಿನಲ್ಲಿ ತಪ್ಪಿದೆ.

ಹೆಸರಿನ ಮಾದರಿಯನ್ನು ಬರೆಯುವಾಗ ಆಗುವ ತಪ್ಪುಗಳು ಹೀಗಿವೆ. ಮೊದಲನೆಯದಾಗಿ, --ಗ್ಲಾಬ್-ಆರ್ಕೈವ್ಸ್ ಆಯ್ಕೆಯನ್ನೇ ಬಿಟ್ಟರೆ ಭಂಡಾರದಲ್ಲಿರುವ ಎಲ್ಲ ಸರಣಿಗಳೂ ಒಂದೇ ಎಂದು ಬೋರ್ಗ್ ಭಾವಿಸುತ್ತದೆ. ರಾತ್ರಿ 9ಕ್ಕೆ ಫೋಟೋ-, 10ಕ್ಕೆ ಲೆಕ್ಕ- ಬ್ಯಾಕಪ್ ಆಗುತ್ತಿದ್ದರೆ, ದಿನದ ಕೊನೆಯ ಆರ್ಕೈವ್ ಎಂದು ಲೆಕ್ಕ- ಮಾತ್ರ ಉಳಿದು ಫೋಟೋಗಳ ಸರಣಿಯೆಲ್ಲ ಹೆಚ್ಚುಕಡಿಮೆ ಪೂರ್ತಿ ಅಳಿದುಹೋಗುತ್ತದೆ. ಎರಡು ಕಂಪ್ಯೂಟರುಗಳಿಗೆ ಒಂದೇ ಭಂಡಾರ ಇಟ್ಟುಕೊಂಡಿದ್ದಾಗ ನಾನೇ ಈ ತಪ್ಪು ಮಾಡಿ ಒಂದು ಕಂಪ್ಯೂಟರಿನ ಮೂರು ತಿಂಗಳ ಬ್ಯಾಕಪ್ ಕಳೆದುಕೊಂಡಿದ್ದೇನೆ. ಅಂದಿನಿಂದ ಒಂದು ಕಂಪ್ಯೂಟರಿಗೆ ಒಂದು ಭಂಡಾರ ಎಂಬುದನ್ನು ಬಿಟ್ಟಿಲ್ಲ. ಎರಡನೆಯದಾಗಿ, ನಕ್ಷತ್ರ ಚಿಹ್ನೆಯಿರುವ ಮಾದರಿಯನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ, ನೀವು ನಿಂತಿರುವ ಫೋಲ್ಡರಿನಲ್ಲಿ ಅದಕ್ಕೆ ಹೊಂದುವ ಕಡತಗಳಿದ್ದಾಗ ಶೆಲ್ ಆ ಕಡತಗಳ ಹೆಸರನ್ನೇ ಅಲ್ಲಿ ತುಂಬಿಬಿಡುತ್ತದೆ. ಶೆಲ್ ಎಂದರೆ ನೀವು ಟೈಪ್ ಮಾಡಿದ್ದನ್ನು ಓದಿ ಬೋರ್ಗ್‌ಗೆ ದಾಟಿಸುವ ತಂತ್ರಾಂಶ. ಮೂರನೆಯದಾಗಿ, ಕೊನೆಯ ಅಡ್ಡಗೆರೆಯನ್ನು ಬಿಟ್ಟು 'ಲೆಕ್ಕ*' ಎಂದು ಬರೆದರೆ ಲೆಕ್ಕಪರಿಶೋಧನೆ- ಎಂಬ ಇನ್ನೊಂದು ಸರಣಿಯೂ ಬಲೆಗೆ ಬೀಳುತ್ತದೆ.

ಹಂತ 5: ಉಳಿಯುವ ಆರ್ಕೈವ್ ಸರಿಯಾಗಿದೆಯೇ ಎಂದು ನೋಡಿ

ಹಳೆಯದನ್ನು ತೆಗೆಯುವ ಮೊದಲು ಹೊಸದು ಚೆನ್ನಾಗಿರುವುದು ಖಾತ್ರಿಯಾಗಬೇಕು. ಬಹಳ ಜನ ಬಿಟ್ಟುಬಿಡುವ ಹಂತವಿದು.

ಬೋರ್ಗ್ ಚೆಕ್ /ಬ್ಯಾಕಪ್/ಕಚೇರಿ

ಇದು ಭಂಡಾರದ ಒಳರಚನೆಯನ್ನು ಪರಿಶೀಲಿಸುತ್ತದೆ; ದೊಡ್ಡ ಭಂಡಾರವಾದರೆ ಹೊತ್ತು ಹಿಡಿಯುತ್ತದೆ. ಆಮೇಲೆ ಹೊಸದೊಂದು ಖಾಲಿ ಫೋಲ್ಡರ್ ಮಾಡಿ, ಅದರೊಳಗೆ ಹೋಗಿ, ತೀರ ಇತ್ತೀಚಿನ ಆರ್ಕೈವಿನಿಂದ ಒಂದೆರಡು ಕಡತಗಳನ್ನು ಬೋರ್ಗ್ ಎಕ್ಸ್‌ಟ್ರಾಕ್ಟ್ ಕಮಾಂಡಿನಿಂದ ಹೊರತೆಗೆದು ತೆರೆದು ನೋಡಿ. ಎಕ್ಸ್‌ಟ್ರಾಕ್ಟ್ ಕಡತಗಳನ್ನು ನೀವು ನಿಂತಿರುವ ಫೋಲ್ಡರಿನೊಳಕ್ಕೇ ಹರಡುತ್ತದೆ. ಮೂಲ ಕಡತಗಳಿರುವ ಜಾಗದಲ್ಲಿ ನಿಂತು ಇದನ್ನು ಮಾಡಿದರೆ ಇಂದಿನ ಕೆಲಸದ ಮೇಲೆ ಹಳೆಯ ಪ್ರತಿ ಬಂದು ಕೂರಬಹುದು. ಅದಕ್ಕಾಗಿಯೇ ಖಾಲಿ ಫೋಲ್ಡರ್.

ಹಂತ 6: ಈಗ ಅಳಿಸಿ

ಹಂತ 4ರ ಸಾಲಿನಿಂದ --ಡ್ರೈ-ರನ್ ಎಂಬ ಒಂದು ಪದವನ್ನು ಮಾತ್ರ ತೆಗೆದು, ಉಳಿದದ್ದನ್ನು ಒಂದಕ್ಷರವೂ ಬದಲಿಸದೆ ಓಡಿಸಿ. ಹೊಸದಾಗಿ ಟೈಪ್ ಮಾಡಬೇಡಿ. ಮೇಲ್ಬಾಣದ ಕೀಲಿ ಒತ್ತಿ ಹಿಂದಿನ ಸಾಲನ್ನೇ ಕರೆದು ತಿದ್ದಿ. ಬ್ಯಾಕಪ್ ನಡುವೆ ನಿಂತುಹೋದಾಗ ಉಳಿದಿರುವ, ಹೆಸರಿನ ಕೊನೆಗೆ ಚೆಕ್‌ಪಾಯಿಂಟ್ ಎಂದಿರುವ ಅರೆಬರೆ ಆರ್ಕೈವ್‌ಗಳನ್ನೂ, ಅವುಗಳ ನಂತರ ಪೂರ್ಣ ಆರ್ಕೈವ್ ಬಂದಿದ್ದರೆ, ಪ್ರೂನ್ ತೆಗೆದುಹಾಕುತ್ತದೆ.

ನಡುವೆ ಕರೆಂಟ್ ಹೋದರೆ ಗಾಬರಿಯಾಗಬೇಕಿಲ್ಲ. ಬೋರ್ಗ್ ಪ್ರತಿ ಬದಲಾವಣೆಯನ್ನೂ ವಹಿವಾಟಿನಂತೆ ದಾಖಲಿಸುತ್ತದೆ. ಪೂರ್ಣಗೊಳ್ಳದ ವಹಿವಾಟನ್ನು ಮುಂದಿನ ಬಾರಿ ತಾನೇ ಕೈಬಿಟ್ಟು ಹಿಂದಿನ ಸ್ಥಿತಿಗೆ ಮರಳುತ್ತದೆ. ಹಾಗಿದ್ದರೂ ಹೊರಗಿನ ಡಿಸ್ಕಿನ ಕಡತವ್ಯವಸ್ಥೆಯೇ ಕೆಡುವ ಅಪಾಯ ಇರುವುದರಿಂದ ಯುಪಿಎಸ್ ಇರುವಾಗ ಈ ಕೆಲಸ ಮಾಡುವುದು ಮೇಲು. ಮತ್ತೆ ಓಡಿಸಿದಾಗ ಭಂಡಾರಕ್ಕೆ ಬೀಗ ಬಿದ್ದಿದೆ ಎಂಬ ಸಂದೇಶ ಬಂದರೆ, ಬೇರೆ ಯಾವ ಕಂಪ್ಯೂಟರಿನಿಂದಲೂ ಬೋರ್ಗ್ ಇದೇ ಭಂಡಾರದಲ್ಲಿ ಕೆಲಸ ಮಾಡುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಬೋರ್ಗ್ ಬ್ರೇಕ್-ಲಾಕ್ ಕಮಾಂಡ್ ಕೊಡಿ. ಇನ್ನೊಂದು ಬ್ಯಾಕಪ್ ನಡೆಯುತ್ತಿರುವಾಗ ಬೀಗ ಒಡೆದರೆ ಭಂಡಾರವೇ ಹಾಳಾಗಬಹುದು.

ನಿಯಮದ ಹಂಗಿಲ್ಲದೆ ಒಂದೇ ಆರ್ಕೈವನ್ನು ತೆಗೆಯಬೇಕಿದ್ದರೆ ಡಿಲೀಟ್ ಇದೆ:

ಬೋರ್ಗ್ ಡಿಲೀಟ್ /ಬ್ಯಾಕಪ್/ಕಚೇರಿ::ಲೆಕ್ಕ-2025-01-15

ಇಡೀ ಲೇಖನದಲ್ಲಿ ಅತ್ಯಂತ ಮುಖ್ಯವಾದ ಎಚ್ಚರಿಕೆ ಇದು: ಎರಡು ಜೋಡಿ ಚುಕ್ಕೆಗಳನ್ನೂ ಆರ್ಕೈವಿನ ಹೆಸರನ್ನೂ ಬರೆಯದೆ ಭಂಡಾರದ ಹೆಸರನ್ನಷ್ಟೇ ಬರೆದರೆ, ಇಡೀ ಭಂಡಾರವನ್ನೇ ಅಳಿಸಲು ಹೇಳಿದಂತಾಗುತ್ತದೆ. ಆಗ ಬೋರ್ಗ್ ಎಚ್ಚರಿಕೆ ಕೊಟ್ಟು, ಮುಂದುವರಿಯಲು ಯೆಸ್ ಎಂದು ದೊಡ್ಡಕ್ಷರಗಳಲ್ಲಿ ಟೈಪ್ ಮಾಡುವಂತೆ ಕೇಳುತ್ತದೆ. ಒಂದು ಆರ್ಕೈವ್ ಅಳಿಸುವಾಗ ಈ ಪ್ರಶ್ನೆ ಬರುವುದೇ ಇಲ್ಲ. ಆದ್ದರಿಂದ ಅದು ಕಂಡ ಕೂಡಲೇ ಕೈ ತೆಗೆಯಿರಿ, ಕಂಟ್ರೋಲ್ ಮತ್ತು ಸಿ ಒತ್ತಿ ಹೊರಬನ್ನಿ.

ಭಂಡಾರದ ಫೋಲ್ಡರನ್ನು ತೆರೆದು, ಸಂಖ್ಯೆಗಳ ಹೆಸರಿನ ಹಳೆಯ ಕಡತಗಳನ್ನು ಕೈಯಾರೆ ಅಳಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೆಗ್ಮೆಂಟ್ ಎನ್ನುವ ಈ ಕಡತಗಳು 500 ಎಂಬಿವರೆಗೂ ಬೆಳೆಯುತ್ತವೆ, ಮತ್ತು ಒಂದೊಂದರಲ್ಲೂ ಹಲವು ಆರ್ಕೈವ್‌ಗಳ ತುಣುಕುಗಳು ಬೆರೆತಿರುತ್ತವೆ. ಅತಿ ಹಳೆಯ ಸೆಗ್ಮೆಂಟಿನಲ್ಲಿ ನಿನ್ನೆಯ ಬ್ಯಾಕಪ್‌ಗೂ ಬೇಕಾದ ತುಣುಕುಗಳು ಇರುವುದು ಸಹಜ.

ಹಂತ 7: ಜಾಗವನ್ನು ಬಿಡಿಸಿ

ಬೋರ್ಗ್ ಕಾಂಪ್ಯಾಕ್ಟ್ --ಪ್ರೋಗ್ರೆಸ್ /ಬ್ಯಾಕಪ್/ಕಚೇರಿ

ಈ ಹಂತದ ಮೊದಲು ಮತ್ತು ನಂತರ ಡಿಸ್ಕಿನ ಖಾಲಿ ಜಾಗವನ್ನು ಬರೆದಿಟ್ಟುಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಒಂದು ಸೆಗ್ಮೆಂಟಿನಲ್ಲಿ ಉಳಿತಾಯವಾಗುವ ಜಾಗ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಕಾಂಪ್ಯಾಕ್ಟ್ ಅದನ್ನು ಮುಟ್ಟದೆ ಬಿಡುತ್ತದೆ; ಈ ಮಿತಿಯನ್ನು --ಥ್ರೆಶೋಲ್ಡ್ ಆಯ್ಕೆಯಿಂದ ಬದಲಿಸಬಹುದು, ಆದರೆ ಸಾಮಾನ್ಯವಾಗಿ ಅಗತ್ಯ ಬೀಳುವುದಿಲ್ಲ. ಕಾಂಪ್ಯಾಕ್ಟ್‌ಗೆ ಪಾಸ್‌ಫ್ರೇಸ್ ಬೇಕಿಲ್ಲ, ಹಾಗಾಗಿ ಭಂಡಾರ ದೂರದ ಸರ್ವರಿನಲ್ಲಿದ್ದರೆ ಅಲ್ಲಿಯೇ ನೇರವಾಗಿ ಓಡಿಸಬಹುದು. ಇದನ್ನೂ ಮಾಡಿ ಜಾಗ ಹೆಚ್ಚಲಿಲ್ಲವೆಂದರೆ ಎರಡು ಕಾರಣಗಳನ್ನು ಪರಿಶೀಲಿಸಿ: ಅಳಿಸಿದ ಆರ್ಕೈವ್‌ಗಳ ತುಣುಕುಗಳೆಲ್ಲ ಉಳಿದವುಗಳಿಗೂ ಬೇಕಾಗಿರಬಹುದು, ಅಥವಾ ಭಂಡಾರವನ್ನು ಅಪೆಂಡ್-ಓನ್ಲಿ ಸ್ಥಿತಿಯಲ್ಲಿ ಇಟ್ಟಿರಬಹುದು. ಅಪೆಂಡ್-ಓನ್ಲಿ ಎಂದರೆ ಸೇರಿಸಲು ಮಾತ್ರ ಅವಕಾಶ. ಕಂಪ್ಯೂಟರಿಗೆ ನುಗ್ಗಿದವರು ಬ್ಯಾಕಪ್ಪನ್ನೂ ನಾಶ ಮಾಡದಂತೆ ತಡೆಯುವ ಏರ್ಪಾಡು ಅದು, ಮತ್ತು ಆ ಸ್ಥಿತಿಯಲ್ಲಿ ಅಳಿಸಿದ್ದು ಡಿಸ್ಕಿನಿಂದ ಹೋಗುವುದಿಲ್ಲ.

ಡಿಸ್ಕ್ ಪೂರ್ತಿ ತುಂಬಿಹೋದ ಮೇಲೆ ಇಲ್ಲಿಗೆ ಬಂದವರಿಗೆ ಬೇರೆ ತೊಂದರೆ ಎದುರಾಗುತ್ತದೆ. ಅಳಿಸಲು ಕೂಡ ಬೋರ್ಗ್‌ಗೆ ಸ್ವಲ್ಪ ಖಾಲಿ ಜಾಗ ಬೇಕು. ಅದೇ ಡಿಸ್ಕಿನಲ್ಲಿ ಬೋರ್ಗ್‌ಗೆ ಸಂಬಂಧಿಸದ ಕಡತಗಳಿದ್ದರೆ ಅವನ್ನು ಬೇರೆಡೆಗೆ ಸಾಗಿಸಿ ಒಂದೆರಡು ಜಿಬಿ ಬಿಡುವು ಮಾಡಿಕೊಳ್ಳಿ, ಮೊದಲು ಕೆಲವೇ ಆರ್ಕೈವ್‌ಗಳನ್ನು ಅಳಿಸಿ ಕಾಂಪ್ಯಾಕ್ಟ್ ಮಾಡಿ, ಆಮೇಲೆ ಉಳಿದವನ್ನು ತೆಗೆಯಿರಿ. ಮುಂದೆ ಈ ಪರಿಸ್ಥಿತಿ ಬಾರದಂತೆ ಕಾಯ್ದಿಟ್ಟ ಜಾಗವನ್ನು ಹೀಗೆ ನಿಗದಿಮಾಡಬಹುದು. ಇಲ್ಲಿ ಪದಗಳ ನಡುವಿನದು ಕೆಳಗೆರೆ, ಅಡ್ಡಗೆರೆಯಲ್ಲ, ಮತ್ತು ಕೊನೆಯ ಜಿ ದೊಡ್ಡಕ್ಷರ:

ಬೋರ್ಗ್ ಕಾನ್ಫಿಗ್ /ಬ್ಯಾಕಪ್/ಕಚೇರಿ ಅಡಿಷನಲ್_ಫ್ರೀ_ಸ್ಪೇಸ್ 2ಜಿ

ಹಂತ 8: ತಾನಾಗಿ ನಡೆಯುವಂತೆ ಮಾಡುವುದು

ಕ್ರಾನ್ ಎಂದರೆ ನಿಗದಿತ ಸಮಯಕ್ಕೆ ಕಮಾಂಡ್‌ಗಳನ್ನು ಓಡಿಸುವ ವ್ಯವಸ್ಥೆ. ಕನಿಷ್ಠ ಒಂದು ತಿಂಗಳು ಮೇಲಿನ ಹಂತಗಳನ್ನು ಕೈಯಾರೆ ಮಾಡಿ, ಪಟ್ಟಿ ನಿಮ್ಮ ನಿರೀಕ್ಷೆಯಂತೆಯೇ ಬರುತ್ತಿದೆ ಎಂದು ಕಂಡ ಮೇಲೆ ಮಾತ್ರ ಕ್ರಾನ್‌ಗೆ ಒಪ್ಪಿಸಿ. ಕ್ರಮ ಹೀಗಿರಲಿ: ಮೊದಲು ಹೊಸ ಬ್ಯಾಕಪ್, ನಂತರ ಪ್ರೂನ್, ಕೊನೆಗೆ ಕಾಂಪ್ಯಾಕ್ಟ್. ಹೊಸ ಬ್ಯಾಕಪ್ ವಿಫಲವಾದ ರಾತ್ರಿ ಪ್ರೂನ್ ನಡೆಯಬಾರದು. ಬೋರ್ಗ್ ಕೆಲಸ ಮುಗಿಸಿದಾಗ ಕೊಡುವ ಸಂಖ್ಯೆ 0 ಆದರೆ ಯಶಸ್ಸು, 1 ಆದರೆ ಎಚ್ಚರಿಕೆಯೊಂದಿಗೆ ಮುಗಿದಿದೆ, 2 ಆದರೆ ದೋಷ. ಬ್ಯಾಕಪ್ ನಡೆಯುತ್ತಿರುವಾಗ ಯಾವುದೋ ಕಡತ ಬದಲಾದರೂ 1 ಬರುತ್ತದೆ. ಕಮಾಂಡ್‌ಗಳ ನಡುವೆ ಎರಡು ಆಂಪರ್‌ಸ್ಯಾಂಡ್ ಚಿಹ್ನೆಗಳನ್ನಷ್ಟೇ ಇಟ್ಟು ಸ್ಕ್ರಿಪ್ಟ್ ಬರೆದವರಲ್ಲಿ ಇಂಥ ರಾತ್ರಿಗಳಲ್ಲೆಲ್ಲ ಪ್ರೂನ್ ಮತ್ತು ಕಾಂಪ್ಯಾಕ್ಟ್ ನಡೆಯದೆ ಡಿಸ್ಕ್ ನಿಧಾನವಾಗಿ ತುಂಬುತ್ತದೆ. 0 ಅಥವಾ 1 ಬಂದರೆ ಮುಂದುವರಿ, ಅದಕ್ಕಿಂತ ಹೆಚ್ಚು ಬಂದರೆ ನಿಲ್ಲು ಎಂದು ಸ್ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಬರೆಯಿರಿ, ಮತ್ತು ಪ್ರೂನ್‌ನ ಪಟ್ಟಿ ಒಂದು ಲಾಗ್ ಕಡತಕ್ಕೆ ಹೋಗುವಂತೆ ಮಾಡಿ. ಏಪ್ರಿಲ್ ಮೊದಲ ವಾರದಲ್ಲಿ ವರ್ಷಾಂತ್ಯದ ಆರ್ಕೈವಿನ ಹೆಸರು ಬದಲಿಸುವುದನ್ನು ಮಾತ್ರ ಕ್ರಾನ್‌ಗೆ ಬಿಡದೆ, ನೀವೇ ಕುಳಿತು ಮಾಡಿ.